ಶೂಟಿಂಗ್ ರೇಂಜಿಗೆ ಮಿಲಿಟರಿ ಡ್ರೆಸ್ ಹಾಕ್ಕಂಡು ಬರಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಹುಡುಗ ಹುಡುಗೀರು ಏರ್ ರೈಫಲ್, ಏರ್ ಪಿಸ್ತೂಲ್ ಕಲಿಯೋದರ ಬಗ್ಗೆ ಬರೆದಿದ್ವಿ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಬಂದೂಕಿಗಿಂತ ಬಟ್ಟೆ ಬಗ್ಗೆ ಕೇಳಿದ್ದೇ ಜಾಸ್ತಿ. ಅದಕ್ಕೆ ಈ ಸಲ ಬಟ್ಟೆ ವಿಷ್ಯನೇ ತಗಂಡಿದೀವಿ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಏರ್ ರೈಫಲ್ ಕಲಿಯೋಣ ಅಂತ ಒಂದು ರೇಂಜಿಗೆ ಸೇರ್ಕೊಂಡೆ. ಮೊದಲನೇ ದಿನ ಮಿಲಿಟರಿ ಪ್ರಿಂಟ್ ಪ್ಯಾಂಟು, ಅದೇ ಪ್ರಿಂಟ್ ಟೀಶರ್ಟು, ಕಾಂಬ್ಯಾಟ್ ಬೂಟು ಹಾಕ್ಕೊಂಡು ಹೋದ್ರೆ ಕೋಚ್ ನನ್ನ ಬಾಗಿಲಲ್ಲೇ ನಿಲ್ಲಿಸಿ ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬಾ ಅಂದ್ರು. ಸೇನೆ ಮೇಲಿನ ಗೌರವಕ್ಕೇ ನಾನು ಅದನ್ನ ಹಾಕಿದ್ದು. ದುಡ್ಡು ನಂದು, ಮೈ ನಂದು, ಇದರಲ್ಲಿ ತಪ್ಪೇನು ಸರ್?
– ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಕೋಚ್ ಮಾಡಿದ್ದು ಸರಿ ಐತೆ. ಒಳಗೆ ಬಿಟ್ಕಂಡು ಎಲ್ಲರ ಮುಂದೆ ಬೈಯೋದು ಬಿಟ್ಟು ಬಾಗಿಲಲ್ಲೇ ಹೇಳಿದ್ರಲ್ಲ, ಅದು ಇನ್ನೂ ಒಳ್ಳೇದಾತು. ಅವರು ಕಾರಣ ಹೇಳಿಲ್ಲ ಅಂತ ಕಾಣುತ್ತೆ, ನಾನು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕೂತ್ಕಂಡು ಓದ್ರಿ.

ಮೊದಲನೇದು ರೂಲ್ ಮಾತು. ಒಲಿಂಪಿಕ್ಸಿನ ಶೂಟಿಂಗ್ ನಡೆಯೋದು ಐಎಸ್‌ಎಸ್‌ಎಫ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ನಿಯಮದ ಪ್ರಕಾರ. 1907ರಲ್ಲಿ ಹುಟ್ಟಿದ ಸಂಸ್ಥೆ ಅದು. ನಮ್ಮ ದೇಶದ ಕಾಂಪಿಟಿಷನ್ನುಗಳೂ ಅದೇ ಪುಸ್ತಕ ಇಟ್ಕಂಡೇ ನಡೆಯೋದು. ಅದರ ಡ್ರೆಸ್ ಕೋಡಿನಲ್ಲಿ ಕ್ಯಾಮೊಫ್ಲಾಜ್, ಅಂದ್ರೆ ಮಿಲಿಟರಿ ಮಚ್ಚೆ ಪ್ರಿಂಟ್ ಬಟ್ಟೆ ಬೇಡ ಅಂತ ನೇರವಾಗೇ ಬರೆದೈತೆ, ನೀಲಿ ಜೀನ್ಸೂ ಬೇಡ, ತೋಳಿಲ್ಲದ ಬನೀನು ಥರದ್ದೂ ಬೇಡ. ಇನ್ನು ಓಡಾಡ್ತಾ ಗುಂಡು ಹೊಡೆಯೋ ಪ್ರಾಕ್ಟಿಕಲ್ ಶೂಟಿಂಗ್ ಅಂತ ಬೇರೆ ಆಟ ಐತಲ್ಲ, ಐಪಿಎಸ್‌ಸಿ ಅಂತಾರೆ, ನೋಡೋಕೆ ಅದು ಕಮಾಂಡೋ ಟ್ರೈನಿಂಗ್ ಥರಾನೇ ಕಾಣುತ್ತೆ. ಅಲ್ಲಾದ್ರೂ ಬಿಡ್ತಾರೆ ಅಂತ ನೀವು ಅಂದ್ಕಬಹುದು. ಅವರ ರೂಲ್ ಬುಕ್ಕಲ್ಲೂ ಸೈನ್ಯ, ಪೊಲೀಸ್ ಸರ್ವಿಸ್‌ನಲ್ಲಿ ಇರೋರನ್ನ ಬಿಟ್ಟು ಬೇರೆಯವರು ಕ್ಯಾಮೊಫ್ಲಾಜ್ ಹಾಕೋದನ್ನ ಪ್ರೋತ್ಸಾಹಿಸಲ್ಲ ಅಂತಾನೇ ಐತೆ. ಅಂದ್ರೆ ನಿಮ್ಮ ಕೋಚ್ ಸ್ವಂತ ಕಾನೂನು ಮಾಡಿದ್ದಲ್ಲ, ನಾಳೆ ನೀವು ಬೆಂಗಳೂರಿಗೆ ಸ್ಟೇಟ್ ಲೆವೆಲ್ಲಿಗೆ ಹೋದಾಗ ಅಲ್ಲಿ ವಾಪಸ್ ಕಳಿಸೋ ಬದಲು ಇಲ್ಲೇ ರೂಢಿ ಮಾಡಿಸ್ತಿದಾರೆ.

ಎರಡನೇದು, ಸೇನೆಯವರೇ ರೇಂಜಲ್ಲಿ ಏನು ಹಾಕ್ತಾರೆ ನೋಡ್ರಿ. 2004ರ ಅಥೆನ್ಸಲ್ಲಿ ಡಬಲ್ ಟ್ರ್ಯಾಪಿನಲ್ಲಿ, ಅಂದ್ರೆ ಹಾರೋ ಎರಡು ತಟ್ಟೆ ಹೊಡೆಯೋ ಆಟದಲ್ಲಿ, ಬೆಳ್ಳಿ ಗೆದ್ದ ರಾಜ್ಯವರ್ಧನ್ ಸಿಂಗ್ ರಾಥೋಡ್ ಆಗ ಸೇನೆಯಲ್ಲಿ ಅಧಿಕಾರಿ. 2012ರ ಲಂಡನ್ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಲ್ಲಿ ಬೆಳ್ಳಿ ತಂದ ವಿಜಯ್ ಕುಮಾರ್ ಆಗ ನಮ್ಮ ಸೇನೆಯ ಸುಬೇದಾರ್. ಸಮವಸ್ತ್ರ ಹಾಕೋ ಹಕ್ಕು ಪೂರ್ತಿ ಇದ್ದೋರು ಇವರು. ಆದ್ರೆ ಫೈರಿಂಗ್ ಲೈನಿಗೆ ನಿಂತಿದ್ದು ಆಟಗಾರರ ಬಟ್ಟೇಲಿ. ಪ್ಯಾರಿಸ್ 2024ರಲ್ಲಿ ಒಂದು ಕೈ ಜೇಬಿಗೆ ಇಟ್ಕಂಡು ಬರೀ ಟೀಶರ್ಟಲ್ಲಿ ಮಿಕ್ಸೆಡ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಫೋಟೋ ನಿಮ್ಮ ಮೊಬೈಲಿಗೂ ಬಂದೇ ಬಂದಿರುತ್ತೆ, ಅವರೂ ಅಲ್ಲಿನ ಜೆಂಡಾರ್ಮರಿ ಅನ್ನೋ ಪಡೆಯಿಂದ ರಿಟೈರ್ ಆದೋರು. ಕರಿ ಕೋಟು ಹಾಕ್ಕಂಡು ಕೋರ್ಟ್ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಯಾರೂ ವಕೀಲ ಆಗಲ್ಲ, ಆದೋರು ಮನೇಲಿ ಕೋಟು ತೆಗೆದಿಟ್ಟು ಬೇರೆ ಕೆಲಸ ಮಾಡ್ತಾರೆ. ಗೌರವ ಅಂದ್ರಲ್ಲ, ಆ ಬಟ್ಟೆ ಸಿಗೋಕೆ ಒಬ್ಬ ಹುಡುಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೈವೇ ಪಕ್ಕ ಓಡಿ, ಸೇನಾ ಭರ್ತಿ ರ‍್ಯಾಲೀಲಿ ಪಾಸಾಗಿ, ಟ್ರೈನಿಂಗ್ ಮುಗಿಸಿ, ಪ್ರಮಾಣ ಮಾಡೋ ಕಸಂ ಪರೇಡ್ ಮಾಡಿರ್ತಾನೆ. ನಮ್ಮ ಜಗಳೂರು, ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ಅಂಥ ಮನೆಗಳು ಎಷ್ಟೋ ಅವೆ. ಅವನು ಅಷ್ಟು ಮಾಡಿ ಪಡೆದದ್ದನ್ನ ನಾವು ಬಜಾರಲ್ಲಿ ತಗಂಡು ಹಾಕ್ಕಳದೆ ಇರೋದೇ ಗೌರವ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮೂರನೇದು ಆಟದ ವಿಷ್ಯ, ಇದು ನಂಗೆ ಎಲ್ಲಕ್ಕಿಂತ ಮುಖ್ಯ. 10 ಮೀಟರ್ ಏರ್ ರೈಫಲ್ಲಲ್ಲಿ ಟಾರ್ಗೆಟಿನ ನಡು ಚುಕ್ಕಿ, ಅಂದ್ರೆ ಹತ್ತರ ರಿಂಗು, ಬರೀ ಅರ್ಧ ಮಿಲಿಮೀಟರ್. ನಿಮ್ಮ ಪೆಲೆಟ್ಟೇ 4.5 ಮಿಲಿಮೀಟರ್ ಐತೆ, ಅಂದ್ರೆ ಗುರಿ ಗುಂಡಿಗಿಂತ ಚಿಕ್ಕದು. ಅಂಥದ್ದಕ್ಕೆ 60 ಸಲ, ಒಂದೂಕಾಲು ಗಂಟೇಲಿ ಹೊಡೀಬೇಕು. ಶೂಟಿಂಗ್ ಕಲಿತ ಹುಡುಗಿ ಒಬ್ಬಳು ನಿಂತಿರೋದನ್ನ ಪಕ್ಕದಲ್ಲಿ ನಿಂತು ನೋಡ್ರಿ, ಎಡ ಮೊಣಕೈ ಸೊಂಟದ ಮೂಳೆ ಮೇಲೆ ಕೂತಿರುತ್ತೆ, ರೈಫಲ್ ತೂಕ ಕೈಯಿಂದ ಮೂಳೆಗೆ, ಮೂಳೆಯಿಂದ ನೆಲಕ್ಕೆ ಇಳಿದಿರುತ್ತೆ, ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ಬಂದು ಒರಗುತ್ತೆ, ಉಸಿರು ಅರ್ಧ ಬಿಟ್ಟು ನಿಲ್ಲಿಸ್ತಾಳೆ, ಅಷ್ಟರಲ್ಲಿ ಸರಿ ಅನ್ನಿಸಲಿಲ್ಲ ಅಂದ್ರೆ ಹೊಡೆಯದೆ ರೈಫಲ್ ಇಳಿಸಿ ಮತ್ತೆ ಮೊದಲಿಂದ ಶುರು ಮಾಡ್ತಾಳೆ. ಅವಳು ಹಾಕಿರೋ ಕ್ಯಾನ್ವಾಸು, ಲೆದರ್ ಜಾಕೆಟ್ಟಿನ ದಪ್ಪ 2.5 ಮಿಲಿಮೀಟರ್ ದಾಟಂಗಿಲ್ಲ, ಅದನ್ನ ಮೀಟರ್ ಇಟ್ಟು ಅಳೀತಾರೆ, ಎಷ್ಟು ಗಡುಸು ಐತೆ ಅಂತಾನೂ ಮೆಷಿನ್ನಲ್ಲಿ ಚೆಕ್ ಮಾಡ್ತಾರೆ. ಅಂದ್ರೆ ಇಲ್ಲಿ ಮೈಮೇಲಿನ ಒಂದೊಂದು ಬಟ್ಟೆಗೂ ಕೆಲಸ ಐತೆ. ಆರು ಜೇಬಿನ ಜೋತುಬಿದ್ದ ಕಾರ್ಗೋ ಪ್ಯಾಂಟಿಗೆ ಅಲ್ಲಿ ಕೆಲಸ ಇಲ್ಲ, ಜೇಬಲ್ಲಿ ಮೊಬೈಲು, ಬೈಕ್ ಕೀ ತೂಗಾಡ್ತಾ ಇದ್ರೆ ನಿಂತ ನಿಲುವೇ ಕೆಡುತ್ತೆ. ಇನ್ನು ನಿಮ್ಮ ಬೂಟು: ಏರ್ ಪಿಸ್ತೂಲಿಗೆ ಏನಾದ್ರೂ ಹೋದ್ರೆ ಶೂ ಕಾಲಿನ ಗಂಟಿನ ಮೂಳೆ ಮುಚ್ಚಂಗೇ ಇಲ್ಲ ಅಂತ ರೂಲ್ ಐತೆ, ಕಾಂಬ್ಯಾಟ್ ಬೂಟು ಅಲ್ಲೇ ಔಟ್.

ಕೊನೇದು, ನೋಡೋ ಜನ. ಕೈಯಲ್ಲಿ ಉದ್ದದ ಗನ್ ಕೇಸು, ಮೈಮೇಲೆ ಮಿಲಿಟರಿ ಬಟ್ಟೆ, ಬೈಕ್ ಮೇಲೆ ಇಬ್ಬರು ಪಿ.ಬಿ. ರೋಡಲ್ಲಿ ಹೋಗ್ತಿದ್ರೆ ಯಾರೋ ಒಬ್ಬರು 112ಕ್ಕೆ ಫೋನ್ ಮಾಡೇ ಮಾಡ್ತಾರೆ, ಮಾಡಬೇಕು ಕೂಡ. ಒಂದು ರೇಂಜ್ ನಡೀಬೇಕು ಅಂದ್ರೆ ಅಕ್ಕಪಕ್ಕದ ಮನೆಯೋರು, ಶಾಲೆಯೋರು, ಪೊಲೀಸರು ಎಲ್ಲ ನಂಬಬೇಕು. ಇಲ್ಲಿ ಏನೋ ಪಡೆ ಕಟ್ತಿದಾರೆ ಅನ್ನೋ ಅನುಮಾನ ಒಂದ್ಸಲ ಬಂತು ಅಂದ್ರೆ ಅದನ್ನ ತೆಗೆಯೋದು ಕಷ್ಟ, ತಂದೆ ತಾಯಿ ಹೆಣ್ಣುಮಕ್ಕಳನ್ನ ಕಳಿಸೋದು ಮೊದಲು ನಿಲ್ಲಿಸ್ತಾರೆ. ನಮ್ಮಂಥ ಊರಲ್ಲಿ ಈ ಆಟ ಈಗಷ್ಟೇ ಬೇರು ಬಿಡ್ತಾ ಐತೆ, ನಿಮ್ಮ ಪ್ಯಾಂಟಿಗೋಸ್ಕರ ಅದಕ್ಕೆ ಏಟು ಬೀಳೋದು ಬೇಡ. ಟ್ರ್ಯಾಕ್ ಪ್ಯಾಂಟು, ಕಾಲರ್ ಇರೋ ಟೀಶರ್ಟು, ತಳ ಸಪಾಟ ಇರೋ ಶೂ ಹಾಕ್ಕಂಡು ನಾಳೆನೇ ಹೋಗ್ರಿ, ಕೋಚ್ ಖುಷಿಯಿಂದ ಒಳಗೆ ಕರೀತಾರೆ.

ಪ್ರಶ್ನೆ: ಮಿಲಿಟರಿ ಪ್ರಿಂಟ್ ಹಾಕಿದ್ರೆ ಜೈಲು ಅಂತ ವಾಟ್ಸಾಪಲ್ಲಿ ಬಂತು, ಹೌದಾ? ಹಂಗಾದ್ರೆ ಅಂಗಡೀಲಿ ಯಾಕೆ ಮಾರ್ತಾರೆ?
– ಓದುಗರು, ಹರಿಹರ

ಉತ್ತರ: ವಾಟ್ಸಾಪಲ್ಲಿ ಬಂದಿದ್ದರಲ್ಲಿ ಅರ್ಧ ಐತೆ, ಅರ್ಧ ಬಿಟ್ಟು ಹೋಗೈತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಸೈನಿಕ ಅಲ್ಲದೋನು ಜನ ತನ್ನನ್ನ ಸೈನಿಕ ಅಂತ ನಂಬಲಿ ಅನ್ನೋ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಗುರುತು, ಅದನ್ನ ಹೋಲೋದೂ ಸೇರಿ, ಹಾಕಿದ್ರೆ ಮೂರು ತಿಂಗಳ ತನಕ ಜೈಲು, ಇಲ್ಲ ಎರಡು ಸಾವಿರದ ತನಕ ದಂಡ, ಇಲ್ಲ ಎರಡೂ. ಹಳೇ ಐಪಿಸಿಯಲ್ಲಿ ಇದೇ 140ನೇ ಸೆಕ್ಷನ್ ಆಗಿತ್ತು, ದಂಡ 500 ಇತ್ತು. ಇಲ್ಲಿ ಉದ್ದೇಶ ಅನ್ನೋದೇ ಮುಖ್ಯ. ಹಸಿರು ಮಚ್ಚೆ ಮಚ್ಚೆ ಬರ್ಮುಡಾ ಹಾಕ್ಕಂಡು ಹಾಲು ತರೋಕೆ ಹೋದೋನ್ನ ಯಾರೂ ಹಿಡಿಯಲ್ಲ. ಆದ್ರೆ ಎದೆ ಮೇಲೆ ರೆಜಿಮೆಂಟ್ ಹೆಸರು, ಭುಜದ ಮೇಲೆ ರ‍್ಯಾಂಕು, ಪ್ಯಾರಾಚೂಟ್ ಪಡೆಯೋರ ರೆಕ್ಕೆ ಬ್ಯಾಡ್ಜು, ಕೈಯಲ್ಲಿ ಗನ್ನು, ಇಷ್ಟೂ ಸೇರಿದ್ರೆ ಉದ್ದೇಶ ಏನಿತ್ತು ಅಂತ ವಿವರಿಸೋ ಪಾಡು ನಿಮಗೇ ಬರುತ್ತೆ.

2016ರ ಜನವರೀಲಿ ಪಠಾಣ್‌ಕೋಟ್ ವಾಯುನೆಲೆ ಮೇಲೆ ದಾಳಿ ಮಾಡಿದೋರು ಸೇನೆ ಉಡುಪಲ್ಲೇ ಬಂದಿದ್ರು. ಅದಾದ್ಮೇಲೆ ಸಾಮಾನ್ಯ ಜನ ಕಾಂಬ್ಯಾಟ್ ಡ್ರೆಸ್ ಹಾಕಬೇಡಿ, ಅಂಗಡಿಯೋರು ಮಾರಬೇಡಿ ಅಂತ ಸೇನೆನೇ ಕೇಳ್ಕಂಡಿತ್ತು. 2022ರ ಜನವರಿ 15ರ ಸೇನಾ ದಿನ ತೋರಿಸಿದ ಹೊಸ ಡಿಜಿಟಲ್ ಪ್ರಿಂಟ್ ಸಮವಸ್ತ್ರ ಐತಲ್ಲ, ನಿಫ್ಟ್ ಅನ್ನೋ ಫ್ಯಾಷನ್ ಸಂಸ್ಥೆ ಜತೆ ಸೇರಿ ಮಾಡಿಸಿದ್ದು, ಅದರ ಡಿಸೈನ್ ಹಕ್ಕನ್ನ ಸೇನೆ ನೋಂದಣಿನೂ ಮಾಡಿಸೈತೆ. ಅದೇ ಥರದ್ದು ಅಂಗಡೀಲಿ ಕಂಡ್ರೆ ತಗಬೇಡ್ರಿ.

ಪ್ರಶ್ನೆ: 17 ವರ್ಷ ಸೇನೇಲಿ ಇದ್ದು ಬಂದೋನು ನಾನು. ಪೊಲೀಸರು ನಡೆಸೋ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಬೇಕು ಅಂತಿದೀನಿ. ನನ್ನ ಹಳೇ ಕಾಂಬ್ಯಾಟ್ ಡ್ರೆಸ್ ಇನ್ನೂ ಗರಿಗರಿಯಾಗೈತೆ. ನಾನಂತೂ ಹಾಕಬಹುದಲ್ಲ?
– ಮಾಜಿ ಸೈನಿಕರು, ಹೊಸದುರ್ಗ

ಉತ್ತರ: ನಿಮಗೆ ಬೇಡ ಅನ್ನೋಕೆ ನಂಗೆ ಕಷ್ಟ ಆಗುತ್ತೆ. ಮೇಲೆ ಹೇಳಿದ ಗೌರವದ ಮಾತು ನಿಮಗೆ ತಟ್ಟಲ್ಲ, ಅದು ನೀವು ದುಡಿದು ಪಡೆದ ಬಟ್ಟೆ. ಆದ್ರೂ ತರಬೇತಿ ದಿನ ಬೇಡ ಅಂತಾನೇ ಕೇಳ್ಕತೀನಿ, ಕಾರಣ ಫೈರಿಂಗ್ ಲೈನಲ್ಲೇ ಐತೆ.

ನಾಗರಿಕ ತರಬೇತಿಗೆ ಬರೋರು ಯಾರು, ಅಡಿಕೆ ತೋಟದೋರು, ಅಂಗಡಿಯೋರು, ಮೇಷ್ಟ್ರು, ಬ್ಯಾಂಕಿನೋರು. ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ರೈಫಲ್ ಮುಟ್ತಿರ್ತಾರೆ, ಕೈ ನಡುಗ್ತಿರುತ್ತೆ. ಅಲ್ಲಿ ಆರ್ಡರ್ ಕೊಡೋರು ಸಶಸ್ತ್ರ ಮೀಸಲು ಪಡೆಯ ಉಸ್ತಾದ್ ಒಬ್ಬರೇ ಇರಬೇಕು, ಲೋಡ್ ಅಂದ್ರೆ ಲೋಡ್, ಸ್ಟಾಪ್ ಅಂದ್ರೆ ಸ್ಟಾಪ್, ಒಂದೇ ಗಂಟಲು. ಪಕ್ಕದ ಲೇನಲ್ಲಿ ನೀವು ಸಮವಸ್ತ್ರದಲ್ಲಿ ನಿಂತಿದ್ರೆ ಹೆದರಿರೋ ಮನುಷ್ಯ ನಿಮ್ಮ ಕಡೆ ತಿರುಗ್ತಾನೆ, ತಿರುಗಬೇಕಾದ್ರೆ ಕೈಯಲ್ಲಿರೋ ರೈಫಲ್ಲೂ ಅವನ ಜತೆ ತಿರುಗುತ್ತೆ. ಅದೆಷ್ಟು ಅಪಾಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕೇ ಸಾದಾ ಬಟ್ಟೇಲಿ ಹೋಗ್ರಿ, ಮುಂಚೆನೇ ಉಸ್ತಾದರಿಗೆ ನಿಮ್ಮ ಸರ್ವಿಸ್ ಬಗ್ಗೆ ಹೇಳ್ರಿ. ಅವರು ಕರೆದ್ರೆ ಮಲಗಿ ಹೊಡೆಯೋ ಪೊಸಿಷನ್ನು, ಟ್ರಿಗರ್ ಒತ್ತೋ ನಿಧಾನ ಇವನ್ನ ಹೇಳಿಕೊಡ್ರಿ. ನಿಮ್ಮಂಥೋರ ಬಾಯಿಂದ ಕೇಳಿದ್ದನ್ನ ಜನ ಮರೆಯಲ್ಲ. ಮೆಡಲ್‌ಗಳನ್ನ ಆಗಸ್ಟ್ 15, ಜನವರಿ 26ಕ್ಕೆ ಎಡ ಎದೆ ಮೇಲೆ ಹಾಕ್ಕಂಡು ಶಾಲೆ ಮುಂದೆ ನಿಲ್ರಿ, ಮಕ್ಕಳು ನೋಡ್ಲಿ.

ಪ್ರಶ್ನೆ: 2019ರಲ್ಲಿ ಇಂಡಿಯಾ ಕ್ರಿಕೆಟ್ ಟೀಮೇ ಮಿಲಿಟರಿ ಕ್ಯಾಪ್ ಹಾಕ್ಕೊಂಡು ಆಡಿತ್ತಲ್ಲ. ಅವರಿಗೆ ಒಂದು ನ್ಯಾಯ ನಮಗೆ ಒಂದು ನ್ಯಾಯನಾ?
– ಓದುಗ, ಹೊಳಲ್ಕೆರೆ

ಉತ್ತರ: ಆಡಿದ್ದು ನಿಜ, 2019ರ ಮಾರ್ಚಲ್ಲಿ ರಾಂಚಿಯಲ್ಲಿ ಆಸ್ಟ್ರೇಲಿಯಾ ಮೇಲೆ. ಪುಲ್ವಾಮಾದಲ್ಲಿ ಪ್ರಾಣ ಕೊಟ್ಟ ಸಿಆರ್‌ಪಿಎಫ್ ಜವಾನರ ನೆನಪಿಗೆ, ಅದೊಂದು ಮ್ಯಾಚಿಗೆ, ಐಸಿಸಿ ಅನುಮತಿ ತಗಂಡು. ಅದೇ ವರ್ಷ ಜೂನ್‌ನಲ್ಲಿ ವರ್ಲ್ಡ್ ಕಪ್ಪಲ್ಲಿ ಧೋನಿ ಕೀಪಿಂಗ್ ಗ್ಲೌಸ್ ಮೇಲೆ ಪ್ಯಾರಾ ಪಡೆಯ ಬಲಿದಾನ ಚಿಹ್ನೆ ಇದ್ದಾಗ ಐಸಿಸಿ ಒಪ್ಪಲಿಲ್ಲ. ಧೋನಿ ಟೆರಿಟೋರಿಯಲ್ ಆರ್ಮಿಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್, ಆದ್ರೂ ಆಟದ ಮೈದಾನದಲ್ಲಿ ಆಟದ ರೂಲೇ ನಡೀತು. ನ್ಯಾಯ ಒಂದೇ ಐತೆ.

ಪ್ರಶ್ನೆ: ನಾನು ಎನ್‌ಸಿಸಿ ಕೆಡೆಟ್. ಎನ್‌ಸಿಸಿ ಯೂನಿಫಾರ್ಮಲ್ಲಿ ಖಾಸಗಿ ರೇಂಜಿಗೆ ಹೋಗಬಹುದಾ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಎನ್‌ಸಿಸಿ ಫೈರಿಂಗಿಗೆ ನಿಮ್ಮ ಎಎನ್‌ಒ, ಅಂದ್ರೆ ಎನ್‌ಸಿಸಿ ನೋಡ್ಕಳೋ ಮೇಷ್ಟ್ರು, ಕರಕಂಡು ಹೋದಾಗ ಯೂನಿಫಾರ್ಮ್. ನೀವೇ ಸ್ವಂತ ಪ್ರಾಕ್ಟೀಸಿಗೆ ಹೋಗೋವಾಗ ಟ್ರ್ಯಾಕ್ ಸೂಟ್. ಪರೇಡ್ ಮುಗಿಸಿ ಹಂಗೇ ಹೋಗ್ತೀರಿ ಅಂದ್ರೆ ಬ್ಯಾಗಲ್ಲಿ ಒಂದು ಜೊತೆ ಇಟ್ಕಳ್ರಿ, ಬದಲಾಯಿಸೋಕೆ ಐದು ನಿಮಿಷ ಸಾಕು.

ಪ್ರಶ್ನೆ: ನಾವು ಐದಾರು ಜನ ಫ್ರೆಂಡ್ಸ್. ಕಮಾಂಡೋ ಡ್ರೆಸ್ಸು, ಮುಖಕ್ಕೆ ಕರಿ ಬಟ್ಟೆ, ಏರ್ ರೈಫಲ್ ಹಿಡ್ಕೊಂಡು ಜೋಗಿಮಟ್ಟಿ ಕಡೆ ರೀಲ್ಸ್ ಮಾಡಬೇಕು ಅಂತ ಪ್ಲಾನ್. ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ ಅಂತಾರಲ್ಲ, ತೊಂದ್ರೆ ಇಲ್ಲ ಅಲ್ವಾ?
– ಓದುಗ, ಚಿತ್ರದುರ್ಗ

ಉತ್ತರ: ತೊಂದ್ರೆ ಐತೆ, ಈ ಪ್ಲಾನ್ ಇವತ್ತೇ ಬಿಡ್ರಿ. 4.5 ಮಿಲಿಮೀಟರ್, 20 ಜೂಲ್ (ಗುಂಡಿನ ಜೋರಿನ ಅಳತೆ) ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಡ ಅನ್ನೋದು ನಿಜ, ಆದ್ರೆ ಅದು ಎಲ್ಲಿ ಬೇಕಾದ್ರೂ ಹೆಗಲ ಮೇಲೆ ಹಾಕ್ಕಂಡು ತಿರುಗೋಕೆ ಕೊಟ್ಟ ಪರವಾನಗಿ ಅಲ್ಲ. ಜೋಗಿಮಟ್ಟಿ ವನ್ಯಧಾಮ. ಅಲ್ಲಿ ಗನ್ ಹಿಡಿದು ಮುಖ ಮುಚ್ಕಂಡು ಕಂಡ್ರೆ ಫಾರೆಸ್ಟ್ ಗಾರ್ಡ್ ನಿಮ್ಮನ್ನ ಬೇಟೆಗೆ ಬಂದೋರು ಅಂತಾನೇ ತಿಳ್ಕತಾನೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಕೇಸು ಬಿತ್ತು ಅಂದ್ರೆ ರೀಲ್ಸ್ ಇರಲಿ, ನಿಮ್ಮ ಸರ್ಕಾರಿ ಕೆಲಸದ ಕನಸೂ ಅಲ್ಲಿಗೇ ನಿಲ್ಲುತ್ತೆ. ದೂರದಿಂದ ನೋಡೋರಿಗೆ ಅದು ಪೆಲೆಟ್ ಗನ್ನಾ, ನಿಜವಾದ ರೈಫಲ್ಲಾ ಗೊತ್ತಾಗಲ್ಲ.

ಇನ್ನೊಂದು ಮಾತು. ನಮ್ಮ ಜಿಲ್ಲೆ ಈಗ ಮುಂಚಿನಂಗಿಲ್ಲ. ಚಳ್ಳಕೆರೆ ಹತ್ರ ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಐತೆ, ಬೇರೆ ಕೇಂದ್ರ ಸಂಸ್ಥೆಗಳ ಜಾಗಗಳೂ ಅವೆ, ಕಾವಲು ಬಿಗಿ ಐತೆ. ಸಮವಸ್ತ್ರ ಹಾಕ್ಕಂಡು ನಿಷೇಧಿತ ಜಾಗಕ್ಕೆ ನುಗ್ಗೋದರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೇಲಿ ಬೇರೇನೇ ಶಿಕ್ಷೆ ಐತೆ. ಬೈಕ್ ಹತ್ತಿ ಎಲ್ಲೋ ಹೋಗಿ ಎಲ್ಲೋ ನಿಂತು ವಿಡಿಯೋ ಮಾಡೋ ವಯಸ್ಸು ನಿಮ್ಮದು, ಅದಕ್ಕೆ ಇಷ್ಟು ಒತ್ತಿ ಹೇಳ್ತಿರೋದು. ಎಲೆಕ್ಷನ್ ಬಂದಾಗ ನಮ್ಮ ರೈತರು ಬೆಳೆ ಕಾಯೋಕೆ ಲೈಸೆನ್ಸ್ ತಗಂಡ ಗನ್ನನ್ನೂ ತಗಂಡೋಗಿ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ಇಟ್ಕಂಡು ಬರ್ತಾರೆ ನೋಡ್ರಿ, ಗನ್ ಇಟ್ಕಳೋ ಮನುಷ್ಯನ ರೀತಿ ಅದು.

ಪ್ರಶ್ನೆ: ಕಂದು, ಹಸಿರು ಬಣ್ಣದ ಬಟ್ಟೆ ಬೇಡ, ಕಣ್ಣಿಗೆ ಕಾಣೋ ಬಣ್ಣ ಹಾಕಿ ಅಂತ ನಮ್ಮ ರೇಂಜಲ್ಲಿ ಬೋರ್ಡ್ ಹಾಕಿದಾರೆ. ಬಣ್ಣಕ್ಕೂ ಸೇಫ್ಟಿಗೂ ಏನು ಸಂಬಂಧ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತುಂಬಾ ಸಂಬಂಧ ಐತೆ. ಕ್ಯಾಮೊಫ್ಲಾಜ್ ಹುಟ್ಟಿದ್ದೇ ಮನುಷ್ಯ ಕಾಣಬಾರದು ಅಂತ. ರೇಂಜಲ್ಲಿ ಎಲ್ಲರೂ ಕಾಣಲೇಬೇಕು. 50 ಮೀಟರ್ ಬಯಲು ರೇಂಜಲ್ಲಿ ಪೇಪರ್ ಟಾರ್ಗೆಟ್ ಬದಲಾಯಿಸೋಕೆ ಜನ ಮುಂದಕ್ಕೆ ನಡ್ಕಂಡು ಹೋಗ್ತಾರೆ, ಹಿಂದೆ ಮಣ್ಣಿನ ದಿಬ್ಬ, ಅದರ ಮೇಲೆ ಒಣ ಹುಲ್ಲು. ಎಲ್ಲರೂ ಗೆರೆ ಹಿಂದಕ್ಕೆ ಬಂದ್ರಾ ಅಂತ ರೇಂಜ್ ಆಫೀಸರ್ ಒಂದೇ ನೋಟದಲ್ಲಿ ಎಣಿಸಿ ಆಮೇಲೆ ಆರ್ಡರ್ ಕೊಡ್ತಾರೆ, ಆ ಒಂದು ನೋಟಕ್ಕೆ ಒಬ್ಬ ತಪ್ಪಿಸ್ಕಂಡ್ರೆ ಮುಗೀತು. ಅದಕ್ಕೇ ಖಾಲಿ ಐತೆ ಅಂತ ತೋರಿಸೋಕೆ ರೈಫಲ್ ನಳಿಗೆಯೊಳಗೆ ತೂರಿಸೋ ಸೇಫ್ಟಿ ಫ್ಲ್ಯಾಗ್ ದಾರ ಕೂಡ ಕಣ್ಣಿಗೆ ಹೊಡೆಯೋ ಕಿತ್ತಳೆನೋ ಹಳದಿನೋ ಇರುತ್ತೆ.

ಬಣ್ಣದ ಜತೆ ಕತ್ತಿನ ಪಟ್ಟಿನೂ ನೋಡ್ಕಳ್ರಿ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲ್ ಹೊಡೆದಾಗ ಖಾಲಿ ಹಿತ್ತಾಳೆ ಕೇಸು ಬಿಸಿಬಿಸಿಯಾಗಿ ಬಲಕ್ಕೆ ಹಾರುತ್ತೆ. ಅಗಲ ಕತ್ತಿನ ಟೀಶರ್ಟ್ ಹಾಕಿದ್ರೆ ಪಕ್ಕದ ಲೇನಿನ ಕೇಸು ಬಂದು ಎದೆ ಒಳಗೆ ಬೀಳುತ್ತೆ, ಚುರ್ ಅಂದ ತಕ್ಷಣ ಮನುಷ್ಯ ಎರಡೂ ಕೈಲಿ ಅಂಗಿ ಜಾಡಿಸೋಕೆ ಹೋಗ್ತಾನೆ, ಒಂದು ಕೈಲಿ ಲೋಡ್ ಆದ ಪಿಸ್ತೂಲ್ ಇರೋದು ಮರೆತೇ ಹೋಗಿರುತ್ತೆ. ಸುಟ್ಟರೆ ಸುಡಲಿ, ಮೊದಲು ನಳಿಗೆ ಗುರಿ ಕಡೆನೇ ಇಟ್ಟು ಕೆಳಗಿಡು ಅಂತ ಹೊಸಬರಿಗೆ ಹೇಳಿಕೊಡೋದು ಅದಕ್ಕೇ. ಕತ್ತಿನ ತನಕ ಗುಂಡಿ ಹಾಕಿದ ಕಾಲರ್, ಮುಂದೆ ಅಂಚಿರೋ ಕ್ಯಾಪು, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಮುಚ್ಚಿದ ಶೂ. ಬೇಸಿಗೇಲಿ ಸೆಕೆ ಅಂತ ಚಪ್ಪಲಿಯಲ್ಲಿ ಬರೋರನ್ನ ನಾನು ಇರೋ ಕಡೆ ಗೆರೆ ಹತ್ರ ಬಿಡಲ್ಲ.

ಪ್ರಶ್ನೆ: ಮಗಳಿಗೆ 13 ವರ್ಷ, ಏರ್ ರೈಫಲ್ ಕಲೀಬೇಕು ಅಂತ ಹಟ. ಅವಳ ತಮ್ಮ ಅಕ್ಕನಿಗೆ ಮಿಲಿಟರಿ ಡ್ರೆಸ್ ಕೊಡ್ಸು ಅಂತಾನೆ, ರೇಂಜಿನೋರು ಜಾಕೆಟ್, ಪ್ಯಾಂಟ್, ಬೂಟ್, ಗ್ಲೌಸ್ ಅಂತ ದೊಡ್ಡ ಪಟ್ಟಿ ಕೊಟ್ಟಿದಾರೆ. ನಮ್ಮದು ಸಣ್ಣ ಹೋಟೆಲು. ಮೊದಲು ಏನು ತಗೋಬೇಕು?
– ತಾಯಿ, ಚಳ್ಳಕೆರೆ

ಉತ್ತರ: ಮೊದಲಿಗೆ ಏನೂ ತಗಬೇಡ್ರಿ ಅಮ್ಮ. ಶಾಲೆ ಪಿ.ಟಿ. ಡ್ರೆಸ್ಸು, ತಳ ಗಟ್ಟಿ ಇರೋ ಶೂ, ಕೂದಲು ಕಣ್ಣಿಗೆ ಬೀಳದಂಗೆ ಬಿಗಿಯಾಗಿ ಕಟ್ಟಿದ ಜಡೆ, ಇಷ್ಟು ಸಾಕು. ಶುರುವಿನಲ್ಲಿ ಅವಳು ಕಲಿಯೋದು ಹೆಂಗೆ ನಿಲ್ಲೋದು, ಹೆಂಗೆ ಉಸಿರಾಡೋದು, ನಳಿಗೆ ಯಾವತ್ತೂ ಯಾರ ಕಡೆನೂ ತಿರುಗಿಸದೆ ಹೆಂಗೆ ಇರೋದು ಅನ್ನೋದು. ರೈಫಲ್ಲು ರೇಂಜಿಂದೇ ಬಳಸ್ಲಿ.

ಜಾಕೆಟ್ ಬೇಕಾಗುತ್ತೆ, ಸುಳ್ಳು ಹೇಳಲ್ಲ, ರೈಫಲ್ ತೂಕ ಬೆನ್ನಿನ ಮೇಲೆ ಬೀಳದಂಗೆ ಅದು ಕಾಯುತ್ತೆ. ಆದ್ರೆ 13 ಅಂದ್ರೆ ಎತ್ತರ ಬೆಳೆಯೋ ವಯಸ್ಸು, ಈಗ ಹೊಲಿಸಿದ್ದು ಮುಂದಿನ ವರ್ಷ ಬಿಗಿ ಆಗುತ್ತೆ. ದೊಡ್ಡ ಹುಡುಗೀರು ಬಿಟ್ಟ ಹಳೇ ಜಾಕೆಟ್ಟು ರೇಂಜಲ್ಲಿ ಇದ್ದೇ ಇರ್ತವೆ, ಕೇಳೋಕೆ ನಾಚಿಕೆ ಪಡಬೇಡ್ರಿ, ಈ ಆಟದಲ್ಲಿ ಎಲ್ಲರೂ ಹಂಗೇ ಶುರು ಮಾಡೋದು. ಮೊದಲು ತಗಳೋದಾದ್ರೆ ಎಡಗೈ ಗ್ಲೌಸ್ ತಗಳ್ರಿ, ಅವಳು ಎಡಚಿ ಆಗಿದ್ರೆ ಬಲಗೈದು. ಆಮೇಲೆ ಬೂಟು, ಜಾಕೆಟ್ಟು ಪ್ಯಾಂಟು ಎಲ್ಲಕ್ಕಿಂತ ಕೊನೆಗೆ, ಅವಳು ಜಿಲ್ಲೆ ದಾಟಿ ಆಡೋಕೆ ಹೋಗೋ ಹೊತ್ತಿಗೆ. ಹೊಸ ಜಾಕೆಟ್ಟಿಗೆ ಅಳತೆ ಕೊಡೋಕೆ ಹೋದಾಗ ಆಟಕ್ಕೆ ಒಳಗೆ ಹಾಕೋ ಟೀಶರ್ಟನ್ನೇ ಹಾಕಿಸ್ಕಂಡು ಹೋಗ್ರಿ, ಅವಳು ಪ್ರಾಕ್ಟೀಸ್ ಮಾಡೋ ಪೊಸಿಷನ್ನಲ್ಲಿ ನಿಲ್ಲಿಸಿ ಅಳತೆ ತಗಳೋಕೆ ಹೇಳ್ರಿ.